ಕೇಸ್ ಶೀಟಿಗೆ ಬಾರದ ಮದ್ದು

ಮಂಜೇಶ್ವರದಿಂದ ಕಾಸರಗೋಡಿನ ತನಕ ಯಾವ ಹೆರಿಗೆ ವಾರ್ಡಿಗೆ ಹೋದರೂ ಮಂಚದ ಬದಿಯ ಸಣ್ಣ ಕಪಾಟಿನಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಸಾಮಾನು. ಬಿಸಿನೀರಿನ ಫ್ಲಾಸ್ಕು, ಸ್ಟೀಲಿನ ಲೋಟ, ಮಗುವಿನ ಬಟ್ಟೆಯ ಚೀಲ, ಅದರ ಹಿಂದೆ ಪೇಪರು ಸುತ್ತಿಟ್ಟ ಒಂದು ಕಂದು ಬಾಟ್ಲಿ. ಡ್ಯೂಟಿಯ ಸಿಸ್ಟರ್ ಕೇಸ್ ಶೀಟು ಹಿಡಿದುಕೊಂಡು ಬಂದು ಕೇಳುತ್ತಾರೆ, "ಬೇರೆ ಮದ್ದು ಏನಾದರೂ ತೆಗೆದುಕೊಳ್ತಾ ಇದ್ದೀರಾ?" ಬಾಣಂತಿ ತನ್ನ ಅಮ್ಮನ ಮುಖ ನೋಡುತ್ತಾಳೆ. ಅಮ್ಮ ಹೇಳುತ್ತಾರೆ, "ಎಂತದೂ ಇಲ್ಲ ಸಿಸ್ಟರ್." ಶೀಟಿನಲ್ಲಿ 'ಇಲ್ಲ' ಎಂದು ಬೀಳುತ್ತದೆ. ಬಾಟ್ಲಿ ಇದ್ದಲ್ಲೇ ಇರುತ್ತದೆ.

ಆ ಅಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆಸ್ಪತ್ರೆಯ ಒಳಗೆ 'ಮದ್ದು' ಅಂದರೆ ಇಂಗ್ಲಿಷ್ ಮದ್ದು, ಕಾಯಿಲೆಗೆ ಕೊಡುವಂಥದ್ದು. ದಶಮೂಲಾರಿಷ್ಟ, ಜೀರಕಾರಿಷ್ಟ, ಧಾನ್ವಂತರ ಕಷಾಯ, ಲೇಹ, ಮೆಂತೆ ಗಂಜಿ ಇವೆಲ್ಲ ಬಾಣಂತನದ ಲೆಕ್ಕಕ್ಕೆ ಸೇರಿದವು, ಊಟದ ಪಕ್ಕದಲ್ಲಿ ಕೂರುವಂಥವು. ಜೊತೆಗೆ ಬೈಸಿಕೊಳ್ಳುವ ಹೆದರಿಕೆಯೂ ಇದೆ. ಹಿಂದಿನ ಹೆರಿಗೆಯಲ್ಲಿ ಯಾರೋ ಬೈದದ್ದು ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಅದೇ ಸಿಸ್ಟರ್ ಪ್ರಶ್ನೆ ಬದಲಿಸಿ, "ಬಾಳಂತಿಗೆ ಎಂತೆಲ್ಲ ಕೊಡ್ತಾ ಇದ್ದೀರಿ ಅಮ್ಮಾ? ಅರಿಷ್ಟ ಶುರು ಮಾಡಿದ್ರಾ?" ಎಂದು ಕೇಳಿದರೆ ಐದು ನಿಮಿಷದಲ್ಲಿ ಬಾಟ್ಲಿ ಪೇಪರಿನಿಂದ ಹೊರಗೆ ಬರುತ್ತದೆ. ಕೊಡುವವರು ಯಾರೋ ಅವರನ್ನೇ ಕೇಳಬೇಕು, ಅವರ ಮಾತಿನಲ್ಲೇ ಕೇಳಬೇಕು.

ಪೂರಕ ಚಿಕಿತ್ಸೆಗಳನ್ನು ಶುಶ್ರೂಷೆಯಲ್ಲಿ, ಸೂಲಗಿತ್ತಿ ಕೆಲಸದಲ್ಲಿ 'ಅಳವಡಿಸಿಕೊಳ್ಳುವ' ಮಾತು ಹೊಸದೇನೂ ಅಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗಲೇ ಆಯುಷ್ ಪದ್ಧತಿಗಳನ್ನು ಮುಖ್ಯವಾಹಿನಿಗೆ ತರುತ್ತೇವೆ ಎಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2014ರಿಂದ 2023ರ ತನಕದ ಕಾರ್ಯತಂತ್ರದಲ್ಲೂ ಅದನ್ನೇ ಹೇಳಿತು. ಆದರೆ ಈ ಮಾತು ಆಡುವಾಗ ಕಣ್ಣಮುಂದೆ ಇರುವುದು ಕಟ್ಟಡ: ಅಲೋಪಥಿ ಆಸ್ಪತ್ರೆಯ ಪಕ್ಕದಲ್ಲಿ ಒಂದು ಆಯುರ್ವೇದದ ಕೋಣೆ, ಬಾಗಿಲಿಗೊಂದು ಬೋರ್ಡು. ನಮ್ಮ ಕಡೆ ಈ ಎರಡು ಪದ್ಧತಿಗಳು ಯಾವಾಗಲೋ ಸೇರಿಕೊಂಡಾಗಿದೆ, ಬಾಣಂತಿಯ ಅಡುಗೆಮನೆಯಲ್ಲಿ ಮತ್ತು ಬಚ್ಚಲಲ್ಲಿ. ಸೇರದೆ ಉಳಿದದ್ದು ಕಾಗದ ಮಾತ್ರ.

ಎರಡು ಚೀಟಿ, ಒಂದೇ ಹೊಟ್ಟೆ

ಪಂಚಾಯತಿನಲ್ಲಿ ಒಂದು ಕುಟುಂಬ ಆರೋಗ್ಯ ಕೇಂದ್ರ, ಸ್ವಲ್ಪ ದೂರದಲ್ಲಿ ಸರಕಾರಿ ಆಯುರ್ವೇದ ಡಿಸ್ಪೆನ್ಸರಿ. ಎರಡಕ್ಕೂ ಬೇರೆ ಬೇರೆ ಓ.ಪಿ. ಚೀಟಿ. ಅಲ್ಲಿಯ ವೈದ್ಯರು ಇಲ್ಲಿಯ ಚೀಟಿ ನೋಡುವುದಿಲ್ಲ, ಇಲ್ಲಿಯವರು ಅಲ್ಲಿಯದ್ದನ್ನು ಕೇಳುವುದಿಲ್ಲ. ಹೆರಿಗೆಗೆ ಮಂಗಳೂರಿಗೋ ದೇರಳಕಟ್ಟೆಗೋ ಹೋಗಿ ಬಂದವರಾದರೆ ಇಂಗ್ಲಿಷಿನ ಡಿಸ್ಚಾರ್ಜ್ ಸಮರಿ ಮೂರನೆಯದು. ತಾಯಿ-ಮಗುವಿನ ಕಾರ್ಡು ಮಲಯಾಳದಲ್ಲಿ, ಮನೆಯಲ್ಲಿ ಮಾತು ಹವ್ಯಕ ಕನ್ನಡವೋ ತುಳುವೋ ಬ್ಯಾರಿಯೋ ಮರಾಠಿಯೋ. ಇಷ್ಟನ್ನೂ ಒಟ್ಟಿಗೆ ನೋಡುವ ಅವಕಾಶ ಇರುವುದು ಮನೆ ಬಾಗಿಲಿಗೆ ಬರುವ ಜೆಪಿಎಚ್‌ಎನ್ (ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್) ಸಿಸ್ಟರಿಗೆ ಮತ್ತು ಆಶಾ ಕಾರ್ಯಕರ್ತೆಗೆ ಮಾತ್ರ. ಹೆರಿಗೆಯಾದ 3, 7, 14, 21, 28, 42ನೇ ದಿನಗಳಂದು ಆಶಾ ಮನೆಗೆ ಬರಬೇಕೆಂಬ ಕ್ರಮ ಇದೆ. ಅಷ್ಟು ಸಲ ಬಾಣಂತಿಯ ಕೋಣೆಯ ಒಳಗೆ ಹೋಗುವ ಬೇರೆ ಯಾರೂ ಇಲ್ಲ.

ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕೆಲವು ಕಡೆ ಮುಳ್ಳು ಕಾಣುತ್ತದೆ. ಅರಿಷ್ಟದಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಸಾಮಾನ್ಯವಾಗಿ ಶೇಕಡ 5ರಿಂದ 10. ಬಾಟ್ಲಿಯ ಲೇಬಲಿನಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಊಟದ ನಂತರ 30 ಮಿಲಿ ಕುಡಿದರೆ ಹೊಟ್ಟೆಗೆ ಹೋಗುವ ಆಲ್ಕೋಹಾಲ್ ಒಂದೂವರೆಯಿಂದ ಮೂರು ಮಿಲಿಯಷ್ಟು. ಹೆದರಿ ಬಾಟ್ಲಿ ಬಿಸಾಡುವಷ್ಟು ಅದೇನಲ್ಲ. ಆದರೆ ಸಿಸೇರಿಯನ್ ಆದವಳಿಗೆ ಸೋಂಕಿನ ಮಾತ್ರೆ ಮೆಟ್ರೊನಿಡಜೋಲ್ ಬರೆದಿದ್ದರೆ ಮಾತು ಬೇರೆ. ಆ ಮಾತ್ರೆಯ ಜೊತೆ ಆಲ್ಕೋಹಾಲ್ ಬೇಡ ಎಂಬ ಎಚ್ಚರಿಕೆ ಮಾತ್ರೆಯ ಮಾಹಿತಿ ಪತ್ರದಲ್ಲೇ ಇದೆ. ವಾಂತಿ, ಎದೆ ಡವಗುಟ್ಟುವುದು, ಮುಖ ಕೆಂಪಾಗುವುದು ಶುರುವಾದರೆ ಮನೆಯವರು 'ಆಪರೇಷನ್ನಿನ ನಂಜು' ಎನ್ನುತ್ತಾರೆ, ಆಸ್ಪತ್ರೆಯವರು 'ಗ್ಯಾಸ್' ಎನ್ನುತ್ತಾರೆ. ಮಾತ್ರೆ ಮುಗಿದು ಮೂರು ದಿನ ಕಳೆದ ಮೇಲೆ ಅರಿಷ್ಟ ಶುರು ಮಾಡಿ ಎಂದರೆ ಯಾವ ಅಜ್ಜಿಯೂ ಜಗಳ ಮಾಡುವುದಿಲ್ಲ. ಹೇಗೂ ಅರಿಷ್ಟ ಕುಡಿಸುವುದು ವಾರಗಟ್ಟಲೆ ನಡೆಯುವ ಕೆಲಸ.

ಕಬ್ಬಿಣದ ಮಾತ್ರೆಯದ್ದು ಇನ್ನೊಂದು ಕತೆ. ಹೆರಿಗೆಯ ನಂತರ 180 ದಿನ, ದಿನಕ್ಕೆ ಒಂದು, 60 ಮಿಲಿಗ್ರಾಂ. ಕಷಾಯದ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ, ಚಹಾದ ಹಾಗೆಯೇ. ಕ್ಯಾಲ್ಸಿಯಂ ಮಾತ್ರೆಯೂ ಅದೇ ತಂಟೆ ಮಾಡುತ್ತದೆ. ಬೆಳಗ್ಗೆ ಬರಿಹೊಟ್ಟೆಗೆ ಕಷಾಯ, ಕೂಡಲೇ ಎಲ್ಲ ಮಾತ್ರೆಗಳನ್ನು ಒಂದೇ ಗುಟುಕಿಗೆ ನುಂಗಿಸಿ 'ಮುಗಿಯಿತು' ಎನ್ನುವ ಮನೆಗಳಲ್ಲಿ ಆರು ತಿಂಗಳು ಮಾತ್ರೆ ತಿಂದರೂ ಹಿಮೋಗ್ಲೋಬಿನ್ ಏರಬೇಕಾದಷ್ಟು ಏರದಿರಬಹುದು. ಕಷಾಯ 6 ಗಂಟೆಗೆ, ಕ್ಯಾಲ್ಸಿಯಂ ತಿಂಡಿಯ ಜೊತೆ ಮತ್ತು ರಾತ್ರಿ ಊಟದ ಜೊತೆ, ಕಬ್ಬಿಣ 11 ಗಂಟೆಗೆ ಬರೀ ನೀರಿನಲ್ಲಿ. ಎರಡು ಗಂಟೆಯ ಅಂತರ ಇದ್ದರೆ ಸಾಕು. ಕೋಣೆಯ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡದಲ್ಲಿ ಇಷ್ಟು ಬರೆದು ಅಂಟಿಸುವುದು ನನ್ನ ಪ್ರಕಾರ ದೊಡ್ಡ ಚಿಕಿತ್ಸೆಯೇ.

ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದವಳಿಗೆ ಲೇಹದ ಬೆಲ್ಲ, ಅರಿಷ್ಟದ ಬೆಲ್ಲ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಕ್ತದೊತ್ತಡ ಏರಿದ್ದವಳಾದರೆ ಜ್ಯೇಷ್ಠಮಧು ಇರುವ ಕಷಾಯ, ಲೇಹ ಬೇಡವೆಂದು ವೈದ್ಯರಿಗೆ ಹೇಳಿಸಬೇಕು. ಅದು ಉಪ್ಪನ್ನು ಮೈಯಲ್ಲಿ ಉಳಿಸಿ, ಪೊಟ್ಯಾಸಿಯಂ ಇಳಿಸಿ, ಒತ್ತಡ ಏರಿಸುತ್ತದೆ. ಮಲಯಾಳದ ಲೇಬಲಿನಲ್ಲಿ ಅದರ ಹೆಸರು ಇರಟ್ಟಿಮಧುರಂ. ಗಡಿನಾಡಿನಲ್ಲಿ ಕೆಲಸ ಮಾಡುವ ಸಿಸ್ಟರಿಗೆ ಗಿಡಗಳ ಹೆಸರು ಎರಡು ಮೂರು ಭಾಷೆಯಲ್ಲಿ ಗೊತ್ತಿರಲೇಬೇಕು. ನಮ್ಮ ಚಿತ್ರಮೂಲ ಅವರ ಕೊಡುವೇಲಿ. ಅದರ ಬೇರನ್ನು ಸುಣ್ಣದ ನೀರಿನಲ್ಲಿ ಶುದ್ಧಿ ಮಾಡದೆ ಬಳಸಿದರೆ ಬೊಕ್ಕೆ ಏಳುತ್ತದೆ, ಗರ್ಭಿಣಿಗೆ ಕೊಟ್ಟರೆ ಗರ್ಭ ಹೋಗುತ್ತದೆ. ಬರೀ 'ಬೇರಿನ ಮದ್ದು' ಎಂದು ಬರೆದುಕೊಂಡರೆ ಇದು ಯಾವುದೂ ತಿಳಿಯುವುದಿಲ್ಲ.

ಬಚ್ಚಲು

ಬಾಣಂತನದ ನಿಜವಾದ ಚಿಕಿತ್ಸಾ ಕೊಠಡಿ ಬಚ್ಚಲು. ಒಲೆಯಲ್ಲಿ ಕೊತ್ತಳಿಗೆ ಉರಿಯುತ್ತಿರುತ್ತದೆ, ಹಂಡೆಯಲ್ಲಿ ನೆಕ್ಕಿ ಸೊಪ್ಪು, ಹುಣಸೆ ಎಲೆ, ಹರಳೆಲೆ ಕುದಿದು ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಮಲಯಾಳಿ ಮನೆಯಾದರೆ ನಾಲ್ಪಾಮರದ ತೊಗಟೆ: ಅತ್ತಿ, ಆಲ, ಅಶ್ವತ್ಥ, ಇತ್ತಿ. ಮೀಯಿಸುವ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಧಾನ್ವಂತರ ತೈಲವನ್ನು ಬೆಚ್ಚಗೆ ಮಾಡಿ ತಲೆಯಿಂದ ಕಾಲಿನ ತನಕ ತಿಕ್ಕುತ್ತಾರೆ. ಅರ್ಧ ಗಂಟೆ ಬಿಟ್ಟು ನೀರು. ಮೊದಲು ಸೊಂಟಕ್ಕೆ, ಆಮೇಲೆ ಚೆಂಬಿನಲ್ಲಿ ತುಂಬಿ ದೂರದಿಂದ ಹೊಟ್ಟೆಗೆ ಹೊಡೆಯುವುದು. ಆ ಹೊಡೆತದಿಂದಲೇ ಗರ್ಭಕೋಶ ಕುಗ್ಗುತ್ತದೆ ಎಂಬ ನಂಬಿಕೆ.

ಗರ್ಭಕೋಶ ಕುಗ್ಗುವುದು ನೀರಿನ ಹೊಡೆತಕ್ಕಲ್ಲ. ಹೆರಿಗೆಯಾದ ದಿನ ಹೊಕ್ಕುಳಿನ ಮಟ್ಟದಲ್ಲಿ ಗಟ್ಟಿ ಚೆಂಡಿನ ಹಾಗೆ ಕೈಗೆ ಸಿಗುವ ಅದು ದಿನಕ್ಕೆ ಒಂದು ಬೆರಳಿನಷ್ಟು ಇಳಿದು, ಎರಡು ವಾರದ ಹೊತ್ತಿಗೆ ಹೊಟ್ಟೆಯ ಮೇಲಿಂದ ಮುಟ್ಟಿದರೆ ಸಿಗದ ಹಾಗೆ ಒಳಗೆ ಹೋಗುತ್ತದೆ. ಮಗು ಮೊಲೆ ಚೀಪುವಾಗ ಬರುವ ಆಕ್ಸಿಟೋಸಿನ್ ಅದನ್ನು ಹಿಂಡುತ್ತದೆ. ಹಾಲು ಕೊಡುವಾಗ ಕೆಳಹೊಟ್ಟೆ ಹಿಂಡಿದಂತಾಗುವುದು ಅದಕ್ಕೇ. ಇದನ್ನು ಅಜ್ಜಿಗೆ ಬಾಯಲ್ಲಿ ಹೇಳುವ ಬದಲು ಬಾಣಂತಿಯ ಹೊಟ್ಟೆಯ ಮೇಲೆ ಅಜ್ಜಿಯ ಕೈಯನ್ನೇ ಇಡಿಸಿ ತೋರಿಸಿದರೆ ತಟ್ಟನೆ ಅರ್ಥವಾಗುತ್ತದೆ. ಆ ಕೈಗೆ ನಮ್ಮ ಕೈಗಿಂತ ಹೆಚ್ಚು ಅಭ್ಯಾಸ ಇದೆ.

ಎಣ್ಣೆ ಸ್ನಾನವನ್ನೇ ನಿಲ್ಲಿಸಿ ಎನ್ನುವವರಿಗೆ ನನ್ನ ಮಾತು ಇಷ್ಟೆ: ಹೆತ್ತವಳನ್ನು ದಿನಕ್ಕೆ ಒಂದು ಗಂಟೆ ಮುಟ್ಟಿ, ತಿಕ್ಕಿ, ಅವಳ ಮಾತು ಕೇಳುವ ಒಬ್ಬರು ಇದ್ದಾರೆ ಅಂದರೆ ಅದು ಯಾವ ವಾರ್ಡಿನಲ್ಲೂ ಸಿಗದ ಆರೈಕೆ. ನಿಲ್ಲಿಸಬಾರದು, ಸ್ವಲ್ಪ ತಿದ್ದಬೇಕು. ತಪ್ಪುವುದು ಎಲ್ಲಿ ಎಂದು ನೋಡಿದರೆ, ಹೆಚ್ಚಾಗಿ ಏಳುವ ಹೊತ್ತಿಗೆ. ಬಿಸಿಗೆ ಮೈಯ ರಕ್ತನಾಳಗಳು ಹಿಗ್ಗಿರುತ್ತವೆ, ರಕ್ತ ಮೊದಲೇ ಕಡಿಮೆ, ಹೊಟ್ಟೆ ಖಾಲಿ, ನೆಲದ ಮೇಲೆ ಎಣ್ಣೆ. ಮಣೆಯಿಂದ ಎದ್ದವಳಿಗೆ ಕಣ್ಣು ಕತ್ತಲೆ ಬಂದರೆ ಹಂಡೆಯ ಕಲ್ಲಿಗೇ ತಲೆ ಬಡಿಯುವುದು. ಆದ್ದರಿಂದ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಗಂಜಿ, ಮೊದಲಿಂದ ಕೊನೆಯ ತನಕ ಕುಳಿತೇ ಇರುವುದು, ನೀರು ಹಾಕುವುದು ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚಿಲ್ಲ, ಏಳುವ ಮೊದಲು ಎರಡು ನಿಮಿಷ ಸುಮ್ಮನೆ ಕೂರುವುದು, ಒಳಗಿಂದ ಚಿಲಕ ಇಲ್ಲ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ ಅದು ಏರುವ ತನಕ ಉಗುರು ಬೆಚ್ಚಗಿನ ನೀರೇ ಸಾಕು.

ಬಿಸಿ ಎಷ್ಟು ಎಂಬುದೂ ಅಜ್ಜಿಯ ಅಂಗೈಗೆ ಬಿಡುವ ವಿಷಯವಲ್ಲ. ಅರುವತ್ತು ವರ್ಷ ಒಲೆಯ ಮುಂದೆ ಕಳೆದ ಅಂಗೈಗೆ ಸುಡುವುದು ತಡವಾಗಿ ಗೊತ್ತಾಗುತ್ತದೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೂ ಐದು ಸೆಕೆಂಡಿನಲ್ಲಿ ಆಳಕ್ಕೆ ಸುಡುತ್ತದೆ. ತಾಯಿಗೆ 40 ಡಿಗ್ರಿಯ ಒಳಗೆ, ಮಗುವಿಗೆ 37-38. ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡುವುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕೇರಳದ ಹೆರಿಗೆಗಳಲ್ಲಿ ನೂರಕ್ಕೆ 38ಕ್ಕೂ ಹೆಚ್ಚು ಸಿಸೇರಿಯನ್. ಅಂದರೆ ಹೊಟ್ಟೆಗೆ ನೀರು ಹೊಡೆಯುವ ಪದ್ಧತಿ ಹುಟ್ಟಿದ ಕಾಲದಲ್ಲಿ ಇಲ್ಲದಿದ್ದ ಹೊಲಿಗೆ ಈಗ ಮೂವರಲ್ಲಿ ಒಬ್ಬಳಿಗಾದರೂ ಇದೆ. ಅಂಥವಳಿಗೆ ತಲೆ, ಬೆನ್ನು, ಕೈಕಾಲಿಗೆ ಎಣ್ಣೆ ಆಗಬಹುದು. ಹೊಟ್ಟೆಗೆ ತಿಕ್ಕುವುದು, ನೀರು ಹೊಡೆಯುವುದು ಆರು ವಾರ ಬೇಡ. ಗಾಯಕ್ಕೆ ಎಣ್ಣೆ ಹರಿಯಬಾರದು, ಸ್ನಾನವಾದ ಮೇಲೆ ಒಗೆದ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಇನ್ನು ಕಾಲು. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ ಅದಕ್ಕೆ ಎಣ್ಣೆ ಹಾಕಿ ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದ ರಭಸಕ್ಕೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. 'ಬಾಳಂತಿಗೆ ನೀರು ಕುಡಿಸಬಾರದು, ಹೊಟ್ಟೆ ಬರುತ್ತದೆ' ಎನ್ನುವ ಮನೆಗಳಲ್ಲಿ ಈ ಹೆಪ್ಪಿನ ಅಪಾಯ ಇನ್ನೂ ಹೆಚ್ಚು. ಅಲ್ಲಿ ಜೀರಿಗೆ ನೀರು ಎಂದು ಹೆಸರು ಬದಲಿಸಿ ಕುಡಿಸಿದರೆ ಒಪ್ಪುತ್ತಾರೆ.

ಮಗುವಿನ ಸರದಿ ಬಂದಾಗ ಅಜ್ಜಿ ಕಾಲು ಚಾಚಿ ಕೂರುತ್ತಾರೆ, ಮೊಣಕಾಲ ಗಂಟಿನ ಕೆಳಗೆ ಎರಡು ಕಾಲಿನ ನಡುವಿನ ಆ ಕಣಿವೆಯಲ್ಲಿ ಮಗು ಮಲಗುತ್ತದೆ. ಇದಕ್ಕಿಂತ ಒಳ್ಳೆಯ ತೊಟ್ಟಿ ಯಾರೂ ಮಾಡಿಲ್ಲ. ಹುಟ್ಟಿ ಒಂದು ದಿನವಾದರೂ ಕಳೆದಿರಬೇಕು, ಅಷ್ಟೆ. ಮನೆಯಲ್ಲೇ ಕಾಸಿದ ತೆಂಗಿನ ಹಾಲಿನ ಎಣ್ಣೆ ಮಗುವಿನ ಚರ್ಮಕ್ಕೆ ಬಹಳ ಒಳ್ಳೆಯದು. ಕಾಯಿ ಹೆರೆದು ಹಾಲು ಹಿಂಡಿ ಉರುಳಿಯಲ್ಲಿ ಸಣ್ಣ ಉರಿಯಲ್ಲಿ ತಿರುವುತ್ತಾ, ಗಷ್ಟು ಹೊಂಬಣ್ಣಕ್ಕೆ ಬಂದು ಚಟಪಟ ಸದ್ದು ನಿಂತ ಮೇಲೆ ಸೋಸಬೇಕು. ಸದ್ದು ನಿಲ್ಲುವ ಮೊದಲು ಇಳಿಸಿದರೆ ನೀರಿನ ಅಂಶ ಉಳಿದು ನಾಲ್ಕೇ ದಿನಕ್ಕೆ ಕನರು ವಾಸನೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ಎಳೆ ಚರ್ಮದ ರಕ್ಷಣೆಯ ಪದರವನ್ನು ಅವು ಕೆಡಿಸುತ್ತವೆ. ಇಷ್ಟಾದ ಮೇಲೆ ಬರುವ ಮೂರು ಚಾಳಿಗಳನ್ನು ಮಾತ್ರ ಖಂಡಿತವಾಗಿ ತಡೆಯಬೇಕು. ಮೂಗಿಗೆ ಎಣ್ಣೆ ಬಿಡುವುದು: ಅದು ಶ್ವಾಸಕೋಶಕ್ಕೆ ಇಳಿದು ವಾರಗಟ್ಟಲೆ ವಾಸಿಯಾಗದ ನ್ಯುಮೋನಿಯಾ ತರುತ್ತದೆ. ಮಗುವಿನ ಎದೆ ಹಿಂಡಿ 'ಹಾಲು ತೆಗೆಯುವುದು': ತಾಯಿಯ ಹಾರ್ಮೋನಿನಿಂದ ಬಂದ ಬಾವು ತಾನಾಗಿ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಕೊನೆಗೆ ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ.

ಸನ್ನಿ

ಮೈಮೇಲಿನ ಲಕ್ಷಣಗಳಿಗೆ ಮನೆಯಲ್ಲಿ ಬೇರೆಯೇ ಹೆಸರುಗಳಿವೆ. 'ಬಾಳಂತಿ ಸನ್ನಿ' ಎಂಬ ಒಂದೇ ಮಾತಿನಲ್ಲಿ ಮೂರು ಕಾಯಿಲೆ ಅಡಗಿರುತ್ತವೆ: ಸೋಂಕಿನ ಜ್ವರ ತಲೆಗೇರಿದ ಬಡಬಡಿಕೆ, ರಕ್ತದೊತ್ತಡ ಏರಿ ಬರುವ ಫಿಟ್ಸ್, ಹೆರಿಗೆಯ ನಂತರದ ಮನೋವಿಕಾರ. ಮೂರಕ್ಕೂ ಅದೇ ದಿನ ಆಸ್ಪತ್ರೆ ಬೇಕು, ಮೂರಕ್ಕೂ ಚಿಕಿತ್ಸೆ ಬೇರೆ. ಸಿಸ್ಟರ್ ಆದವರು 'ಸನ್ನಿ ಗಿನ್ನಿ ಎಲ್ಲ ಮೂಢನಂಬಿಕೆ' ಎಂದು ಬಿಟ್ಟರೆ ಮನೆಯವರು ಮುಂದಿನ ಸಲ ಅವರಿಗೆ ಹೇಳುವುದಿಲ್ಲ, ತಾಯಿತ ಕಟ್ಟುವವರ ಹತ್ತಿರ ಹೋಗುತ್ತಾರೆ. ಜ್ವರ ನೋಡಬೇಕು, ಒತ್ತಡ ನೋಡಬೇಕು, ಎರಡು ರಾತ್ರಿ ನಿದ್ದೆ ಮಾಡಿದ್ದಾಳೆಯೇ ಎಂದು ಕೇಳಬೇಕು. 'ತಲೆಗೆ ಗಾಳಿ ಹೊಕ್ಕಿದೆ' ಎಂದರೆ ತಲೆನೋವು. ಅದಕ್ಕೆ ಕಣ್ಣು ಮಂಜು ಸೇರಿದರೆ ಮೊದಲು ಒತ್ತಡದ ಪಟ್ಟಿ ಕಟ್ಟಬೇಕು, ಹೆರಿಗೆಯಾಗಿ ಮೂರು ವಾರ ಕಳೆದಿದ್ದರೂ ಸರಿ. 'ನಂಜು' ಎಂದರೆ ಹೊಲಿಗೆಯ ಮೇಲಿನ ಬಟ್ಟೆ ಬಿಚ್ಚಿ ನೋಡುವ ತನಕ ಬದನೆಕಾಯಿಯನ್ನು ದೂರಬಾರದು.

ಹೆರಿಗೆ ಕೋಣೆಯೊಳಗೆ ಇಷ್ಟು ಗಲಾಟೆ ಇಲ್ಲ. ನೋವಿಗೆ ಬೆನ್ನು ಒತ್ತುವುದು, ಬಿಸಿ ಬಟ್ಟೆ ಇಡುವುದು, ಉಸಿರಾಟದ ಕ್ರಮ, ಓಡಾಡಲು ಬಿಡುವುದು, ಜೊತೆಗೆ ಬೇಕಾದವರನ್ನು ಇರಿಸಿಕೊಳ್ಳುವುದು, ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯಲ್ಲೇ ಇವೆ. ಮಗುವಿನ ತಲೆ ಕಾಣುವ ಹೊತ್ತಿಗೆ ಕೆಳಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿಹಿಡಿದರೆ ಆಳಕ್ಕೆ ಹರಿಯುವುದು ಕಡಿಮೆ. ಹಳೆಯ ಸೂಲಗಿತ್ತಿಯರಿಗೆ ಇದು ಪಾಠ ಮಾಡಿ ಹೇಳಬೇಕಾದ ವಿಷಯವೇ ಅಲ್ಲ. ನೋವು ಬರಿಸಲು ಹರಳೆಣ್ಣೆ ಕುಡಿಸುವುದನ್ನು ಮಾತ್ರ ಮನೆಯಲ್ಲೇ ನಿಲ್ಲಿಸಬೇಕು. ಭೇದಿಯಾಗಿ, ನೀರಿನ ಅಂಶ ಬತ್ತಿ, ಸುಸ್ತಾಗಿ ಬಂದವಳಿಗೆ ದೂಡುವ ಶಕ್ತಿಯೇ ಇರುವುದಿಲ್ಲ.

ಮಲ್ಲಿಗೆ

ವಾರ್ಡಿನ ಮೂಲೆಯ ಮಂಚದಲ್ಲಿ ತೊಟ್ಟಿಲಿಲ್ಲದ ಬಾಣಂತಿ ಒಬ್ಬಳಿರುತ್ತಾಳೆ. ಮಗು ಉಳಿದಿಲ್ಲ. ಎಲ್ಲರೂ ಅವಳ ಹತ್ತಿರ ಮೆಲ್ಲಗೆ ಮಾತಾಡುತ್ತಾರೆ, ಆದರೆ ಮೂರನೇ ದಿನ ಹಾಲು ಇಳಿಯುತ್ತದೆ ಎಂದು ಯಾರೂ ಹೇಳಿರುವುದಿಲ್ಲ. ರವಿಕೆ ಒದ್ದೆಯಾದಾಗಲೇ ಅವಳಿಗೆ ಗೊತ್ತಾಗುವುದು. ಪಕ್ಕದ ಮಂಚದ ಮಗು ಅತ್ತರೂ ಇಳಿಯುತ್ತದೆ.

ಹಾಲು ನಿಲ್ಲಲೆಂದು ಇಂಥವರ ಎದೆಗೆ ಮಲ್ಲಿಗೆ ಕಟ್ಟುವುದು ದಕ್ಷಿಣದ ಹಳೆಯ ರೂಢಿ. ನಮ್ಮ ಕಡೆ ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುವ ಅದೇ ಜಾತಿಯ ಮಲ್ಲಿಗೆ. ವೆಲ್ಲೂರಿನ ವೈದ್ಯರು ಇದನ್ನು ಗಂಭೀರವಾಗಿ ತೆಗೆದುಕೊಂಡು, ಮಲ್ಲಿಗೆಯನ್ನೂ ಆಗ ಹಾಲು ನಿಲ್ಲಿಸಲು ಕೊಡುತ್ತಿದ್ದ ಬ್ರೋಮೋಕ್ರಿಪ್ಟಿನ್ ಮಾತ್ರೆಯನ್ನೂ ಹೋಲಿಸಿ 1988ರಲ್ಲಿ ಪ್ರಕಟಿಸಿದರು. ಹಾಲಿನ ಹಾರ್ಮೋನು ಮಾತ್ರೆಯಲ್ಲಿ ಹೆಚ್ಚು ಇಳಿಯಿತು, ಆದರೆ ಹಾಲು ನಿಲ್ಲಿಸುವುದರಲ್ಲಿ ಹೂವು ಹಿಂದೆ ಬೀಳಲಿಲ್ಲ. ಅದು ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮಾಳಿಗೆ ಕಟ್ಟುವಂತಿಲ್ಲ. ಆದರೆ ಆ ಮಾತ್ರೆಯನ್ನು ಪಾರ್ಶ್ವವಾಯು, ಫಿಟ್ಸಿನ ಭಯದಿಂದ ಅಮೆರಿಕದಲ್ಲಿ 1990ರ ದಶಕದಲ್ಲಿ ಈ ಬಳಕೆಗೆ ಕೈಬಿಟ್ಟರು. ಈಗ ಕೊಡುವ ಕ್ಯಾಬರ್ಗೋಲಿನ್ ಕೂಡ ರಕ್ತದೊತ್ತಡ ಏರಿದ್ದವಳಿಗೆ ಸಲ್ಲದು. ಮಗು ಕಳೆದುಕೊಂಡವರಲ್ಲಿ ಒತ್ತಡ ಏರಿದ್ದವರು ಕಡಿಮೆಯೇನಲ್ಲ. ಅಂಥವಳಿಗೆ ಕಟ್ಟಿದ ಮಲ್ಲಿಗೆ ಮಾಲೆಯನ್ನು ಎರಡೂ ಸ್ತನದ ಮೇಲೆ ಇಟ್ಟು ಮೆತ್ತಗಿನ ಬಟ್ಟೆಯಿಂದ ನಿಲ್ಲಿಸಿ ದಿನಕ್ಕೊಮ್ಮೆ ಬದಲಿಸುವುದು, ಬಿಗಿಯಾಗಿ ಬಿಗಿಯದೆ ಆಧಾರ ಕೊಡುವ ಬ್ರಾ, ತಣ್ಣೀರಿನ ಬಟ್ಟೆ, ನೋವಿಗೆ ಪ್ಯಾರಸಿಟಮಾಲ್, ತಡೆಯಲಾರದಷ್ಟು ಬಿಗಿದರೆ ಹಗುರಾಗುವಷ್ಟು ಮಾತ್ರ ಹಿಂಡಿ ತೆಗೆಯುವುದು. ಇದರಲ್ಲಿ ಅಪಾಯವಿಲ್ಲ. ಹೂವಿನ ಪರಿಮಳ ಅವಳಿಗೆ ಬೇಕೋ ಬೇಡವೋ ಎಂದು ಮೊದಲು ಕೇಳಬೇಕು. ಕೆಲವರಿಗೆ ಮುಂದೆ ಮಲ್ಲಿಗೆ ಮುಡಿಯಲೇ ಆಗುವುದಿಲ್ಲ.

ಬಜೆ

ಎಲ್ಲಕ್ಕಿಂತ ಕಷ್ಟದ ಮಾತುಕತೆ ಬಜೆಯದ್ದು. ಮಲಯಾಳಕ್ಕೆ ವಯಂಬು, ತಮಿಳಿಗೆ ವಸಂಬು, ಮನೆ ಯಾವ ಭಾಷೆಯದ್ದಾದರೂ ತೇಯುವ ಕಲ್ಲು ಒಂದೇ. ಬಜೆಯನ್ನೂ ಬಂಗಾರವನ್ನೂ ಜೇನಿನಲ್ಲಿ ತೇದು ಮಗುವಿನ ನಾಲಗೆಗೆ ಹಚ್ಚುತ್ತಾರೆ, ಮಾತು ಸ್ಪಷ್ಟವಾಗಲಿ ಎಂದು. ಬಜೆಯಲ್ಲಿರುವ ಬೀಟಾ-ಅಸರೋನ್ ವಿಷಕಾರಿ. ಜೇನಿನಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಣ ಇರಬಹುದು. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅದು ಮೊಳೆತು ವಿಷ ಬಿಟ್ಟರೆ ಮಗು ಹಾಲು ಚೀಪಲಾರದೆ, ಅಳಲಾರದೆ, ಬಟ್ಟೆಯ ಹಾಗೆ ಸೋತುಬೀಳುತ್ತದೆ. ತೇಯುವ ಕಲ್ಲಿನ ಕೊಳೆ ಬೇರೆ. ಇಲ್ಲಿ ರಾಜಿ ಇಲ್ಲ, ಆದರೆ ಶಾಸ್ತ್ರಕ್ಕೆ ಒಂದು ದಾರಿ ಬಿಟ್ಟುಕೊಡಬಹುದು. ಬಂಗಾರದ ಉಂಗುರವನ್ನು ಹತ್ತು ನಿಮಿಷ ಕುದಿಸಿ, ತಾಯಿಯ ಮೊದಲ ಹಾಲಿನ ಹನಿಯಲ್ಲಿ ಅದ್ದಿ, ಮಗುವಿನ ತುಟಿಗೆ ಮುಟ್ಟಿಸಿದರೆ ಬಂಗಾರವೂ ಆಯಿತು, ಚೆಲ್ಲಿಹೋಗುತ್ತಿದ್ದ ಗಿಣ್ಣುಹಾಲೂ ಮಗುವಿಗೆ ಸಿಕ್ಕಿತು.

ಕೈಗೆ ಕಟ್ಟುವ ಬಜೆಯ ತುಂಡಿಗೆ ಮಾತ್ರ ಅಜ್ಜಿಯಂದಿರು ಸುಲಭದಲ್ಲಿ ಸೋಲುವುದಿಲ್ಲ. ದೃಷ್ಟಿಗೆ, ಹೊಟ್ಟೆ ನೋವಿಗೆ ಎಂದು ಕಪ್ಪು ನೂಲಿನಲ್ಲಿ ಪೋಣಿಸಿ ಮಣಿಕಟ್ಟಿಗೆ ಕಟ್ಟಿರುತ್ತಾರೆ. ಎರಡು ಮೂರು ತಿಂಗಳಿಗೆ ಮಗುವಿನ ಮುಷ್ಟಿ ಬಾಯಿಗೆ ಹೋಗಲು ಶುರುವಾಗುತ್ತದೆ, ಬಜೆ ಜೊಲ್ಲಿನಲ್ಲಿ ನೆನೆದು ಮೆತ್ತಗಾಗುತ್ತದೆ. "ತೆಗೀರಿ" ಎಂದರೆ ಸಿಸ್ಟರ್ ಗೇಟು ದಾಟುವ ಮೊದಲೇ ಮತ್ತೆ ಕಟ್ಟುತ್ತಾರೆ. "ಕೈಗೆ ಬೇಡ ಅಜ್ಜಿ, ತೊಟ್ಟಿಲಿನ ಕೊಕ್ಕೆಗೆ ಕಟ್ಟುವ, ದೃಷ್ಟಿ ಬರುವುದು ಮೇಲಿಂದಲ್ವಾ?" 

ಹಾಗೆ ಹೇಳಿ, ಅಲ್ಲೇ ನಿಂತು, ತಾನೇ ಕಟ್ಟಿಕೊಟ್ಟು ಬರಬೇಕು. ಗಂಟು ಮಗುವಿನ ಕೈಗೆ ಸಿಗದ ಎತ್ತರದಲ್ಲಿರಲಿ, ನೂಲು ಕೆಳಗೆ ನೇತಾಡದಿರಲಿ. 28ನೇ ದಿನದ ಭೇಟಿಯಲ್ಲಿ ತಲೆಯೆತ್ತಿ ಕೊಕ್ಕೆಯನ್ನು ಒಮ್ಮೆ ನೋಡಿದರೆ ಸಾಕು, ಇದೆಯೋ ಇಳಿದಿದೆಯೋ ಗೊತ್ತಾಗುತ್ತದೆ.